ಮಳೆಯಲ್ಲಿ ಮುಂದಿನ ಗಾಜು

ನಮ್ಮ ಅಂಗಡಿಗೆ ಬರುವ ಹೆಚ್ಚಿನವರಿಗೆ ಗಾಜು ಒಡೆದ ಮೇಲೆಯೇ ಗಾಜಿನ ನೆನಪಾಗುವುದು. ಕಂಕನಾಡಿಯಿಂದ ಪಂಪ್‌ವೆಲ್ ಕಡೆಗೆ ಇಳಿಯುವ ದಾರಿಯಲ್ಲಿ ಕಾರಿನ ಗಾಜು ಕೂರಿಸುವ ಅಂಗಡಿ ನನ್ನದು. ಲಾರಿಯಿಂದ ಜಲ್ಲಿ ಹಾರಿ ಬಿರುಕು ಬಿಟ್ಟದ್ದು, ತೆಂಗಿನ ಮರದ ಅಡಿಯಲ್ಲಿ ನಿಲ್ಲಿಸಿ ಪುಡಿ ಮಾಡಿಸಿಕೊಂಡದ್ದು, ಇಂಥ ಕೇಸುಗಳೇ ಜಾಸ್ತಿ. ಆದ್ದರಿಂದ ಆ ವರ್ಷ ಮಳೆಗಾಲ ಶುರುವಾದ ಹೊಸತರಲ್ಲಿ ಒಬ್ಬ ಹೆಂಗಸು ಒಂದು ಗೀರೂ ಇಲ್ಲದ ಗಾಜಿನ ಕಾರನ್ನು ತಂದು ನಿಲ್ಲಿಸಿ, ಇದನ್ನು ಸರಿ ಮಾಡಿ ಕೊಡಿ ಎಂದಾಗ ನನಗೆ ಸ್ವಲ್ಪ ಸಿಟ್ಟೇ ಬಂತು.

"ಎಂತ ಆಗಿದೆ ಅಕ್ಕ ಇದಕ್ಕೆ?"

"ಮಳೆ ಬಂದ್ರೆ ಕಾಣುವುದಿಲ್ಲ ಅಣ್ಣ."

"ಮಳೆ ಬಂದ್ರೆ ಯಾರಿಗೂ ಕಾಣುವುದಿಲ್ಲ. ಮಂಗಳೂರಿನ ಮಳೆ ಅಲ್ವಾ."

"ಬೇರೆಯವರಿಗೆ ಕಾಣ್ತದೆ. ನಾನು ಕೇಳಿ ನೋಡಿದ್ದೇನೆ."

ಹೀಗೆ ಕೇಳಿ ನೋಡಿಕೊಂಡು ಬರುವ ಗಿರಾಕಿಗಳು ನನಗೆ ಅಷ್ಟು ಹಿಡಿಸುವುದಿಲ್ಲ. ಅವರನ್ನು ಸುಮ್ಮನಾಗಿಸಲು ಬೇಗ ಆಗುವುದಿಲ್ಲ.

ಆಕೆ ಉಳ್ಳಾಲದವರು, ಬ್ಯಾರಿ ಮುಸ್ಲಿಂ ಮನೆತನದ ಹೆಂಗಸು, ವಯಸ್ಸು ನಲವತ್ತು ದಾಟಿರಬಹುದು. ಗಂಡ ದಮ್ಮಾಮಿನಲ್ಲಿ ಒಂದು ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾರೆ. ತಂದೆಯ ಕಿಡ್ನಿ ಕೈಕೊಟ್ಟಾಗ ಅವರನ್ನು ಬಲ್ಮಠದ ಹತ್ತಿರದ ಒಂದು ಡಯಾಲಿಸಿಸ್ ಸೆಂಟರಿಗೆ ಕರೆತರಬೇಕೆಂದೇ ಡ್ರೈವಿಂಗ್ ಕಲಿತರಂತೆ. ಬೆಳಗ್ಗಿನ ಮೊದಲ ಪಾಳಿ ಅವರದ್ದು. ಅದೇ ಪಾಳಿಯಲ್ಲಿ ಉಳ್ಳಾಲ, ತೊಕ್ಕೊಟ್ಟು ಕಡೆಯ ಇನ್ನೂ ಮೂವರಿದ್ದರು. ಖಾಲಿ ಸೀಟಿನಲ್ಲಿ ಅವರೂ ಬರಲಿ ಎಂದು ಹತ್ತಿಸಿಕೊಳ್ಳಲು ಶುರು ಮಾಡಿದರು. ತಂದೆ, ಅವರ ಮಾತಿನಲ್ಲಿ ಉಪ್ಪ, ತೀರಿಕೊಂಡರು. ಆ ಮೂವರು ಮಾತ್ರ ಕಾರಿನಲ್ಲಿ ಉಳಿದರು.

"ಉಪ್ಪ ಹೋದ್ರು ಅಂತ ಇವರಿಗೆ ನಾಳೆಯಿಂದ ಬಸ್ಸಲ್ಲಿ ಹೋಗಿ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದು ನನ್ನನ್ನೇ ಕೇಳಿದರು. ಡಯಾಲಿಸಿಸ್ ಮುಗಿಸಿ ಎದ್ದವರ ಸ್ಥಿತಿ ನನಗೆ ಗೊತ್ತಿಲ್ಲದ್ದಲ್ಲ. ನನ್ನ ಮಾವನೂ ಆ ದಾರಿಯಲ್ಲಿ ಹೋದವರು. ಬಿಪಿ ಇಳಿದಿರುತ್ತದೆ, ಕಾಲು ನೆಲಕ್ಕೆ ಊರುವುದಿಲ್ಲ, ಮೈ ನಡುಗುತ್ತಿರುತ್ತದೆ. ಅವರನ್ನು ಮಳೆಯಲ್ಲಿ ಬಸ್ಸಿಗೆ ಹತ್ತಿಸುವುದು ಆಗದ ಮಾತು.

ಆಕೆ ನನ್ನಲ್ಲಿಗೆ ಬರುವ ಹಿಂದಿನ ವಾರ ನೇತ್ರಾವತಿ ಸೇತುವೆಯ ಮೇಲೆ, ಇನ್ನೂ ಪೂರ್ತಿ ಬೆಳಕಾಗದ ಹೊತ್ತಿನಲ್ಲಿ, ಎದುರಿನ ವಾಹನಗಳು ಬರುವ ಪಕ್ಕದ ಜೋಡಿ ಸೇತುವೆಯಿಂದ ಲಾರಿಯ ಲೈಟು ಗಾಜಿಗೆ ಬಿದ್ದು ಎದುರಿನದ್ದೆಲ್ಲ ಬಿಳಿಯಾಗಿ ಹೋಗಿತ್ತು. ಕಾರು ಎಡಕ್ಕೆ ಸರಿದು ಬದಿಯ ಕನ್ನಡಿ ಸೇತುವೆಯ ಕಟ್ಟೆಗೆ ತಾಗಿ ಮುರಿಯಿತು. ಕನ್ನಡಿಯಲ್ಲಿ ಮುಗಿದದ್ದು ಅವರ ಅದೃಷ್ಟ. ಕಟ್ಟೆಯ ಆಚೆಗೆ ಮಳೆಗಾಲದ ಹೊಳೆ.

"ಆಟಿ ಬರುವ ಮುಂಚೆ ಸರಿಯಾಗದಿದ್ರೆ ನಾನು ನಿಲ್ಲಿಸ್ತೇನೆ," ಎಂದರು ಆಕೆ. ಆಟಿ ಎಂದರೆ ನಮ್ಮಲ್ಲಿ ಮಳೆ ಹಿಡಿದರೆ ಬಿಡದ ತಿಂಗಳು. "ಕಾಣದೆ ಮೂರು ಜನರನ್ನು ಕೂರಿಸಿಕೊಂಡು ಹೋಗ್ಲಿಕ್ಕೆ ನನಗೆ ಹಕ್ಕಿಲ್ಲ. ಅವರಿಗೆ ಇನ್ನೂ ಹೇಳ್ಲಿಲ್ಲ."

ಅವರಿಗೆ ಹೇಳದೇ ಇದ್ದದ್ದನ್ನು ಒಬ್ಬ ಅಪರಿಚಿತ ಅಂಗಡಿಯವನಿಗೆ ಹೇಳಿದರಲ್ಲ, ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಕೆಲಸಕ್ಕೆ ಇಳಿದೆ.

ಮೊದಲ ದಿನ ಮಾಡಿದ್ದು ಎಲ್ಲ ಗಾಜಿನವರೂ ಮಾಡುವಂಥದ್ದೇ. ವೈಪರಿನ ರಬ್ಬರು ಎಪ್ರಿಲ್-ಮೇ ಬಿಸಿಲಿಗೆ ಬೆಂದು ಗಟ್ಟಿಯಾಗಿತ್ತು, ಅಂಚಿನಲ್ಲಿ ಹಲ್ಲು ಬಂದಿತ್ತು. ಎರಡನ್ನೂ ಬದಲಿಸಿದೆ. ವೈಪರಿನ ಕೈ ಸ್ವಲ್ಪ ತಿರುಚಿಕೊಂಡಿತ್ತು. ರಬ್ಬರು ಗಾಜಿನ ಮೇಲೆ ನೆಟ್ಟಗೆ ನಿಲ್ಲಬೇಕು, ಹೋಗುವಾಗ ಒಂದು ಕಡೆಗೆ, ಬರುವಾಗ ಇನ್ನೊಂದು ಕಡೆಗೆ ಮಗುಚಬೇಕು. ಒಂದೇ ಕಡೆ ಮಲಗಿದರೆ ಬರುವಾಗ ನೀರನ್ನು ಒರೆಸುವ ಬದಲು ಬಳಿಯುತ್ತದೆ. ಎರಡು ಇಕ್ಕಳ ಹಿಡಿದು ಕೂದಲೆಳೆಯಷ್ಟು ತಿರುಗಿಸಿ ನೆಟ್ಟಗೆ ಮಾಡಿದೆ.

ಆಮೇಲೆ ಬಾಟಲಿಯಿಂದ ನೀರು ಸಿಂಪಡಿಸಿ ನೋಡಿದೆ. ಶುದ್ಧವಾದ ಗಾಜಿನ ಮೇಲೆ ನೀರು ಹಾಳೆಯ ಹಾಗೆ ಹರಡಿಕೊಳ್ಳುತ್ತದೆ, ಜಿಡ್ಡು ಇದ್ದಲ್ಲಿ ತುಂಡು ತುಂಡಾಗಿ ಒಡೆಯುತ್ತದೆ. ಇವರ ಗಾಜಿನಲ್ಲಿ ನೀರು ಎಲ್ಲೆಂದರಲ್ಲಿ ಒಡೆಯಿತು. ಕಾರಣ ಊಹಿಸಲು ಕಷ್ಟವಿರಲಿಲ್ಲ. ಬೆಳಗ್ಗಿನ ಹೊತ್ತು ಆ ಹೈವೇಯಲ್ಲಿ ಮೀನಿನ ಲಾರಿಗಳದ್ದೇ ಸಾಲು. ನಮ್ಮ ಬೋಟುಗಳು ಕಡಲಿಗೆ ಇಳಿಯದ ಮಳೆಗಾಲದಲ್ಲೂ ಹೊರಗಿನ ಮೀನು ಐಸಿನಲ್ಲಿ ಬರುತ್ತದೆ. ಲಾರಿಯ ಹಿಂದಿನಿಂದ ಸೋರುವ ಮೀನಿನ ನೀರು ಚಕ್ರಕ್ಕೆ ಸಿಕ್ಕಿ ಹಿಂದಿನವರ ಗಾಜಿಗೆ ಎರಚುತ್ತದೆ. ಬೂತಾಯಿ ಮೀನಿನ ಎಣ್ಣೆ ನಾಲಗೆಗೆ ಒಳ್ಳೆಯದು, ಗಾಜಿಗಲ್ಲ.

ಗಾಜು ಪಾಲಿಶ್ ಮಾಡುವ ಪುಡಿಯನ್ನು ನೀರಿನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಉಣ್ಣೆಯ ಪ್ಯಾಡಿನಲ್ಲಿ ಅಂಗೈಯಗಲದಷ್ಟು ಜಾಗವನ್ನು ಹಿಡಿದು ಹಿಡಿದು ಉಜ್ಜಿದೆ. ಇದು ಅವಸರದ ಕೆಲಸ ಅಲ್ಲ. ಒಂದೇ ಕಡೆ ಹೆಚ್ಚು ಹೊತ್ತು ಮೆಷಿನ್ ಒತ್ತಿ ಹಿಡಿದರೆ ಗಾಜು ಬಿಸಿಯಾಗಿ ಅಲ್ಲಿ ಸಣ್ಣ ತಗ್ಗು ಬೀಳುತ್ತದೆ, ಮತ್ತೆ ಜೀವಮಾನವಿಡೀ ಆ ಜಾಗದಲ್ಲಿ ರಸ್ತೆ ಬಳುಕುತ್ತದೆ. ಸಂಜೆಗೆ ನೀರು ಹಾಕಿದರೆ ಹಾಳೆಯ ಹಾಗೆ ಇಳಿಯಿತು. ಒಳಗಡೆಯೂ ಬಟ್ಟೆಯಿಂದ ಒಂದು ಕೈ ಒರೆಸಿ ಕೊಟ್ಟೆ. ಆಕೆಗೂ ಸಮಾಧಾನವಾಯಿತು.

ಎರಡು ದಿನ ಕಳೆದು ಬಂದರು. "ಮೊದಲಿಗಿಂತ ಒಳ್ಳೆದುಂಟು. ಆದ್ರೆ ಲೈಟು ಬಿದ್ರೆ ಈಗಲೂ ಬಿಳಿ ಬಿಳಿ."

ಇಂಥ ಹೊತ್ತಿಗೆಂದೇ ನನ್ನಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು. ನೀರು ಅಂಟದ ಹಾಗೆ ಮಾಡುವ ಕೋಟಿಂಗ್. ಶಾರ್ಜಾದಲ್ಲಿ ಗಾಜಿನ ಕೆಲಸಕ್ಕೆ ಇದ್ದಾಗ ಅದನ್ನು ಹಚ್ಚುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮಳೆಯೇ ಬಾರದ ಊರಿನಲ್ಲಿ ಮಳೆಯ ವಿದ್ಯೆ ಕಲಿತು ಬಂದಿದ್ದಾರೆ ಎಂದು ನನ್ನ ಹೆಂಡತಿ ನೆಂಟರ ಎದುರು ಹೇಳಿ ನಗುವುದುಂಟು. ನಗಲಿ. ಹಚ್ಚುವಾಗ ಗಾಜು ಪೂರ್ತಿ ಒಣಗಿರಬೇಕು, ಗಾಳಿಯಲ್ಲಿ ತೇವ ಇರಬಾರದು. ಮಂಗಳೂರಿನ ಜೂನಿನಲ್ಲಿ ತೇವವಿಲ್ಲದ ಗಾಳಿ ಎಲ್ಲಿ ಸಿಗುತ್ತದೆ? ಶಟರ್ ಎಳೆದು, ಒಳಗೆ ಹ್ಯಾಲೊಜೆನ್ ದೀಪ ಉರಿಸಿ, ಬೆವರು ಒರೆಸಿಕೊಳ್ಳುತ್ತಾ ಎರಡು ಪದರ ಹಚ್ಚಿದೆ. ಮರುದಿನ ಮಳೆ ಸುರಿಯುವಾಗ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಯಲ್ಲಿ ಒಂದು ಸುತ್ತು ಹೊಡೆದೆ. ವೈಪರ್ ಹಾಕಲೇ ಇಲ್ಲ. ಹನಿಗಳು ಬಿದ್ದದ್ದೇ ಉರುಟಾಗಿ ಮೇಲಕ್ಕೆ ಓಡಿ ಛಾವಣಿ ದಾಟಿ ಹೋದವು. ಆಕೆ ಬಾಯಿ ಬಿಟ್ಟು ನೋಡಿದರು. ನಾನು ಎದೆಯುಬ್ಬಿಸಿ ಕಾರಿನ ಕೀ ಕೊಟ್ಟೆ.

ಮೂರನೇ ಸಲ ಅವರು ಬಂದಾಗ ನನ್ನ ಮುಖ ನೋಡಿದ ಮೇಲೆಯೇ ಮಾತಾಡಿದರು. ನನಗೆ ಬೇಸರವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಅಣ್ಣ, ನಿಮ್ಮ ಗಾಜು ವೇಗ ಹೋಗುವವರಿಗೆ. ನಾನು ವೇಗ ಹೋಗುವುದಿಲ್ಲ."

ಹೇಳಿದ್ದು ನಿಜ. ಹನಿ ಓಡಬೇಕಾದರೆ ಗಾಳಿ ಬೇಕು, ಗಾಳಿ ಬೇಕಾದರೆ ಕಾರು ಜೋರು ಓಡಬೇಕು. ಹಿಂದೆ ಮೂವರು ರೋಗಿಗಳನ್ನು ಕೂರಿಸಿಕೊಂಡು, ತೊಕ್ಕೊಟ್ಟಿನ ವಾಹನದ ಸಾಲಿನಲ್ಲಿ ತೆವಳುವವರ ಗಾಜಿನ ಮೇಲೆ ಆ ಹನಿಗಳು ಉರುಟಾಗಿ ಅಲ್ಲೇ ಕೂರುತ್ತವೆ. ಒಂದೊಂದು ಹನಿಯಲ್ಲೂ ಒಂದೊಂದು ಲೈಟು. ವೈಪರ್ ಹಾಕಿದರೆ ರಬ್ಬರು ತಡೆದು ತಡೆದು ನಡುಗುತ್ತದೆ. ಇದೆಲ್ಲ ನನಗೆ ಗೊತ್ತಿರಬೇಕಾದ ಸಂಗತಿ. ಆದರೂ ನಾನು ವಾದ ಮಾಡಿದೆ. ಸ್ವಲ್ಪ ದಿನ ಹೋದರೆ ಅಭ್ಯಾಸವಾಗ್ತದೆ ಎಂದೆ. ನಿಮ್ಮ ಕಣ್ಣನ್ನೂ ಒಮ್ಮೆ ಡಾಕ್ಟರರಿಗೆ ತೋರಿಸಿ ಎಂದೆ.

"ತೋರಿಸಿದ್ದೇನೆ. ಕಣ್ಣು ಸರಿ ಉಂಟು." ಆಕೆಯ ಸ್ವರ ಒಂದಿಷ್ಟೂ ಏರಲಿಲ್ಲ. "ನೀವು ಒಂದು ದಿವಸ ನಮ್ಮೊಟ್ಟಿಗೆ ಬನ್ನಿ. ಈ ಅಂಗಡಿಯ ಪೈಪಿನ ನೀರಲ್ಲಿ ನೋಡಿದ್ರೆ ಆಗುವುದಿಲ್ಲ."

ಇನ್ನೊಬ್ಬರಾಗಿದ್ದರೆ ಅಷ್ಟು ಹೊತ್ತಿಗೆ ಕೂಗಾಡಿ ಬೇರೆ ಅಂಗಡಿ ಹುಡುಕುತ್ತಿದ್ದರು. ಇಲ್ಲವೇ ಅರ್ಧಂಬರ್ಧ ಕಂಡಷ್ಟರಲ್ಲಿ ಓಡಿಸಿಕೊಂಡು ಹೋಗುತ್ತಿದ್ದರು, ನಾವೆಲ್ಲ ಹೋಗುವುದು ಹಾಗೆಯೇ ಅಲ್ಲವೇ? ಮಳೆಯಲ್ಲಿ ಮುಂದಿನ ಕಾರಿನ ಕೆಂಪು ದೀಪವನ್ನು ಹಿಡಿದುಕೊಂಡು, ಉಳಿದದ್ದನ್ನು ಅಂದಾಜಿಗೆ ಬಿಟ್ಟು. ಈ ಹೆಂಗಸು ಅಂದಾಜಿಗೆ ಒಪ್ಪುವವರಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. ವಾದ ನಿಲ್ಲಿಸಿ, ನಾಡಿದ್ದು ಬರುತ್ತೇನೆ ಎಂದೆ.

ಹೋದೆ. ಉಳ್ಳಾಲದ ಅವರ ಮನೆಯ ಗೇಟಿಗೆ ನಾನು ತಲುಪುವಾಗ ಕಾರು ಸ್ಟಾರ್ಟ್ ಆಗಿ ನಿಂತಿತ್ತು. ಒಳಗೆ ಕೂತದ್ದೇ ಊದಿನ ಘಮ ಮೂಗಿಗೆ ಬಡಿಯಿತು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಒಂದು ಪುಟ್ಟ ಧೂಪದಾನಿ, ಅದರ ಮೇಲೆ ಊದಿನ ಚೂರು, ಸಣ್ಣಗೆ ಏಳುವ ಹೊಗೆ. ಊದು ಎಂದರೆ ಅರಬರು ಹೊಗೆ ಹಾಕುವ ಸುಗಂಧದ ಕಟ್ಟಿಗೆ, ಗಂಡ ರಜೆಯಲ್ಲಿ ಬರುವಾಗಲೆಲ್ಲ ತರುತ್ತಾರಂತೆ. ಪ್ರತಿ ಸಲವೂ ಹೊರಡುವ ಮೊದಲು ಕಿಟಕಿ ಮುಚ್ಚಿ ಐದು ನಿಮಿಷ ಹೊಗೆ ಕೊಡುತ್ತಾರೆ.

"ಮೇಷ್ಟ್ರಿಗೆ ಬೇಕಾಗಿ," ಎಂದರು.

ಮೇಷ್ಟ್ರು ಎಂದರೆ ಮೂವರಲ್ಲಿ ಒಬ್ಬರು, ರಿಟೈರ್ ಆದ ಶಾಲೆ ಮಾಸ್ತರರು. ಕಿಡ್ನಿ ಹೋದವರಿಗೆ ವಾಕರಿಕೆ ಸಾಮಾನ್ಯ. ಇವರಿಗೆ ಮೀನಿನ ಲಾರಿಯ ವಾಸನೆ ಬಂದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಎರಡನೆಯವರು ಊರೂರು ತಿರುಗಿ ಮೀನು ಮಾರಿ ಮಕ್ಕಳನ್ನು ದಡ ಸೇರಿಸಿದ ಅಮ್ಮ. ಮೇಷ್ಟ್ರು ಮೂಗು ಮುಚ್ಚಿಕೊಂಡಾಗಲೆಲ್ಲ ಈ ಅಮ್ಮ ನಗುತ್ತಿದ್ದರು. "ನನಗೆ ಆ ವಾಸನೆ ಬಂದ್ರೆ ಹಸಿವಾಗ್ತದೆ ಮಾರಾಯ್ರೆ," ಎನ್ನುತ್ತಿದ್ದರು. ಮೂರನೆಯವನು ಒಬ್ಬ ಟೈಲರ್. ಹತ್ತಿದ ಕೂಡಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕಣ್ಣು ಮುಚ್ಚಿದ.

ನಾಲ್ಕು ಒದ್ದೆ ಕೊಡೆಗಳು ಕಾಲಬುಡದಲ್ಲಿ. ಐದು ಜನರ ಉಸಿರು. ಮೀನಿನಮ್ಮನಿಗೆ ಚಳಿಯಾಗುತ್ತದೆಂದು ಎಸಿ ಬಂದ್. ಮೇಷ್ಟ್ರಿಗೆ ವಾಸನೆ ಬರಬಾರದೆಂದು ಕಿಟಕಿ ಬಂದ್, ಹೊರಗಿನ ಗಾಳಿ ಒಳಗೆ ಬರುವ ದಾರಿಯೂ ಬಂದ್. ಅದಕ್ಕೆಂದು ಎದುರಿಗಿರುವ ಗುಂಡಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುವ ಕಡೆಗೆ ಒತ್ತಿದ್ದು ಒತ್ತಿದ ಹಾಗೇ ವರ್ಷಗಟ್ಟಲೆ ಇತ್ತು. ತೊಕ್ಕೊಟ್ಟು ಮುಟ್ಟುವ ಮೊದಲೇ ಗಾಜಿನ ಒಳಗೆ ಆವಿ ಕಟ್ಟಲು ಶುರುವಾಯಿತು. ಆಕೆ ಒಂದು ಟವೆಲಿನಿಂದ ಒರೆಸಿದರು. ಮತ್ತೆ ಕಟ್ಟಿತು. ಮತ್ತೆ ಒರೆಸಿದರು.

ಸೇತುವೆಯ ಮೇಲೆ ಪಕ್ಕದ ಸೇತುವೆಯಿಂದ ಲೈಟು ಬಿದ್ದಾಗ ನಾನು ಅದನ್ನು ಕಂಡೆ. ವೈಪರ್ ಹೋಗಿ ಬಂತು, ಹೊರಗಿನ ನೀರು ಸರಿಯಿತು, ಮಬ್ಬು ಮಾತ್ರ ಇದ್ದಲ್ಲೇ ಇತ್ತು. ಟವೆಲ್ ಹೋದ ದಾರಿಯಲ್ಲೆಲ್ಲ ಅದು ಬಿಲ್ಲಿನ ಹಾಗೆ ಬಾಗಿ ಹೊಳೆಯುತ್ತಿತ್ತು. ನಾನು ನನ್ನೆದುರಿನ ಗಾಜಿಗೆ ತೋರುಬೆರಳು ಒತ್ತಿ ಮೇಲಿಂದ ಕೆಳಕ್ಕೆ ಎಳೆದೆ. ಬೆರಳು ಸಲೀಸಾಗಿ ಜಾರಲಿಲ್ಲ, ಸ್ವಲ್ಪ ಅಂಟಿ ಅಂಟಿ ಇಳಿಯಿತು. ಆ ಗೆರೆಯಷ್ಟೇ ಅಗಲದಲ್ಲಿ ರಸ್ತೆ ಕಾಣಿಸಿತು, ಬಿಳಿ ಪಟ್ಟಿ ಸಮೇತ. ಬೆರಳನ್ನು ಮೂಗಿಗೆ ಹಿಡಿದೆ. ಊದು.

ಇಷ್ಟು ದಿನ ನಾನು ಗಾಜಿನ ಹೊರಗೆ ಮೈ ಮುರಿದು ದುಡಿದಿದ್ದೆ. ತೊಂದರೆ ಒಳಗೆ ಬಂದು ಕೂತಿತ್ತು, ಅದೂ ಸುವಾಸನೆಯಾಗಿ.

ಪಕ್ಕಕ್ಕೆ ತಿರುಗಿ ಆಕೆಯನ್ನು ನೋಡಿದೆ. ಅವರು ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಎದೆಯನ್ನು ಮುಂದಕ್ಕೆ ಬಾಗಿಸಿ, ಉಸಿರು ಬಿಗಿಹಿಡಿದು ಓಡಿಸುತ್ತಿದ್ದರು. ಆ ಮಬ್ಬಿನಲ್ಲಿ ಅವರು ಇಷ್ಟು ದಿನ ಯಾರಿಗೂ ಏನೂ ಆಗದ ಹಾಗೆ ಬಂದದ್ದೇ ದೊಡ್ಡದು ಅಂತ ನನಗನ್ನಿಸಿತು. ನನ್ನ ಕೈಗೆ ಕೊಟ್ಟಿದ್ದರೆ ನಾನು ಎಲ್ಲೋ ಗುದ್ದಿ ಆಗಿರುತ್ತಿತ್ತು.

ಮೂವರನ್ನೂ ಸೆಂಟರಿನಲ್ಲಿ ಇಳಿಸಿ, ಒಬ್ಬೊಬ್ಬರನ್ನೇ ಕೈಹಿಡಿದು ಹಾಸಿಗೆಯವರೆಗೆ ಬಿಟ್ಟು ಬಂದ ಮೇಲೆ ಕಾರನ್ನು ನನ್ನ ಅಂಗಡಿಗೆ ತಂದೆವು. ಅವರ ಡಯಾಲಿಸಿಸ್ ಮುಗಿಯುವವರೆಗೆ ನಮಗೆ ಸಮಯವಿತ್ತು. ಮೊದಲು ಸ್ಪಿರಿಟಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒಳಗಾಜನ್ನು ಮೇಲಿಂದ ಕೆಳಕ್ಕೆ ಒಂದೇ ಎಳೆತ ಎಳೆದು, ಬಟ್ಟೆ ತಿರುಗಿಸಿ ಅವರಿಗೆ ತೋರಿಸಿದೆ. ಚಹಾ ಸೋಸಿದ ಬಟ್ಟೆಯ ಬಣ್ಣ.

"ಇದೆಂತ?"

"ಹೊಗೆ ಅಕ್ಕ. ಊದಿನ ಎಣ್ಣೆ ಹೊಗೆಯೊಟ್ಟಿಗೆ ಹೋಗಿ ಗಾಜಿಗೆ ಹಿಡಿಯುತ್ತದೆ. ನೀರಿಗೆ ಹೋಗುವುದಿಲ್ಲ, ಟವೆಲಿಗೂ ಹೋಗುವುದಿಲ್ಲ, ಹರಡ್ತದೆ ಅಷ್ಟೆ. ಆವಿ ಕೂರ್ಲಿಕ್ಕೆ ಅದರ ಮೇಲೆಯೇ ಜಾಸ್ತಿ. ಹಗಲು ಕಾಣುವುದಿಲ್ಲ, ಎದುರಿಂದ ಲೈಟು ಬಿದ್ರೆ ಮಾತ್ರ ಕಾಣುವುದು."

ಆಕೆ ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡರು. "ನಾನೇ ಮಾಡಿದ್ದು ಹಾಗಾದ್ರೆ," ಎಂದರು.

ನಮ್ಮವರು ಅಗರಬತ್ತಿ ಹಚ್ಚಿ ಡ್ಯಾಶ್‌ಬೋರ್ಡಿನ ದೇವರ ಎದುರು ಸಿಕ್ಕಿಸುತ್ತಾರೆ, ಅದೂ ಇದೇ ಕಥೆ, ನನ್ನ ಅಂಗಡಿಗೆ ಬರುವ ಅರ್ಧ ಟ್ಯಾಕ್ಸಿಗಳ ಒಳಗಾಜು ಹೀಗೇ ಇರುತ್ತದೆ ಎಂದೆಲ್ಲ ಹೇಳಿದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವೇ. ಆದರೆ ಅವರಿಗೆ ಸಮಾಧಾನ ಬೇಕಿರಲಿಲ್ಲ. ಇನ್ನೊಂದು ಬಟ್ಟೆ ಕೇಳಿದರು, ತೋಳು ಮಡಚಿ ಡ್ರೈವರ್ ಸೀಟಿನ ಕಡೆಯಿಂದ ಶುರು ಮಾಡಿಯೇ ಬಿಟ್ಟರು. ಗಾಜಿನ ಬುಡ ಡ್ಯಾಶ್‌ಬೋರ್ಡಿಗೆ ಸೇರುವ ಸಂದಿಗೆ ಕೈ ಹೋಗುವುದಿಲ್ಲ, ಬಟ್ಟೆಯನ್ನು ಅಡಿಕೋಲಿಗೆ ಸುತ್ತಿ ನೂಕಬೇಕು. ಆಕೆ ಅದನ್ನು ನೋಡಿ ಒಮ್ಮೆಗೇ ಕಲಿತರು. ಒಬ್ಬರು ಒದ್ದೆ ಬಟ್ಟೆ, ಇನ್ನೊಬ್ಬರು ಹಿಂದೆಯೇ ಒಣ ಬಟ್ಟೆ. ಬಟ್ಟೆಯ ಬಣ್ಣ ಬಿಳಿಯಾಗಿಯೇ ಉಳಿಯುವವರೆಗೆ ನಿಲ್ಲಿಸಲಿಲ್ಲ.

ಇನ್ನು ಹೊರಗಿನ ಕೋಟಿಂಗ್. ಇವರ ಕೆಲಸಕ್ಕೆ ಬೇಕಾದದ್ದು ನೀರು ಹಾಳೆಯ ಹಾಗೆ ಹರಡುವ ಬರೀ ಗಾಜು ಮತ್ತು ಒಳ್ಳೆಯ ವೈಪರ್, ಅಷ್ಟೆ. ಅದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಶಟರ್ ಎಳೆದು ಬೆವರು ಸುರಿಸಿ ಹಚ್ಚಿದ್ದನ್ನು ನನ್ನ ಕೈಯಾರೆ ಅದೇ ಪುಡಿಯಲ್ಲಿ ಉಜ್ಜಿ ತೆಗೆದೆ.

ಉಳಿದದ್ದು ಗಾಳಿ. ಆ ಗುಂಡಿ ಒತ್ತಿ ಹೊರಗಿನ ಗಾಳಿ ಒಳಗೆ ಬರುವ ಹಾಗೆ ಮಾಡಿದೆ. ಎಸಿ ಹಾಕಿದೆ. ಅದರೊಟ್ಟಿಗೆ ಹೀಟರಿನ ತಿರುಗುಂಡಿಯನ್ನು ಕೆಂಪಿನ ಕಡೆಗೆ ತಿರುಗಿಸಿದೆ. ಮಂಗಳೂರಿನಲ್ಲಿ ಹೀಟರ್ ಎಂದರೆ ಜನ ನಗುತ್ತಾರೆ, ಇಲ್ಲಿನ ಕಾರುಗಳಲ್ಲಿ ಆ ಕೆಂಪು ಬಣ್ಣದ ಭಾಗಕ್ಕೆ ಯಾರ ಕೈಯೂ ತಾಗಿರುವುದಿಲ್ಲ. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಅದನ್ನು ಬೆಚ್ಚಗೆ ಮಾಡುತ್ತದೆ, ಆ ಒಣ ಬಿಸಿ ಗಾಳಿಯನ್ನು ಗಾಜಿಗೆ ಬಿಟ್ಟರೆ ಆವಿ ನಿಲ್ಲುವುದಿಲ್ಲ. ಮೀನಿನಮ್ಮನಿಗೆ ಚಳಿಯೂ ಆಗುವುದಿಲ್ಲ.

"ಎಲ್ಲ ಸರಿ," ಎಂದರು ಆಕೆ. "ಹೊಗೆ ಇವತ್ತಿಗೇ ಬಿಡ್ತೇನೆ. ಆದ್ರೆ ಹೊರಗಿನ ಗಾಳಿ ಬಿಟ್ರೆ ಮೇಷ್ಟ್ರಿಗೆ ಎಂತ ಮಾಡುವುದು?"

ಇದ್ದಿಲು ತುಂಬಿದ ಒಂದು ಫಿಲ್ಟರ್ ಸಿಗುತ್ತದೆ, ವಾಸನೆಯನ್ನು ಸುಮಾರಾಗಿ ಹಿಡಿದಿಡುತ್ತದೆ. ಅದನ್ನು ತರಿಸಿ ಹಾಕಿದೆ. ಸುಮಾರಾಗಿ ಎಂಬ ಮಾತನ್ನು ನಾನು ಅವರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಿತ್ತು.

ಮುಂದಿನ ಸಲ ಜೆಪ್ಪಿನಮೊಗರಿನ ಹತ್ತಿರ ಒಂದು ಮೀನಿನ ಲಾರಿ ನೇರ ಇವರ ಮುಂದೆಯೇ ಕೆಟ್ಟು ನಿಂತಿತು. ಮೇಷ್ಟ್ರು ವಾಂತಿ ಮಾಡಿಕೊಂಡರು. ಆಕೆ ಕಾರನ್ನು ಬದಿಗೆ ಹಾಕಿ ಅವರ ಮುಖ ತೊಳೆಸಿ, ಬಟ್ಟೆ ಒರೆಸಿ, ಗಾಳಿಯ ದಾರಿ ಮುಚ್ಚಿ ಹೊರಟರು. ಗಾಜಿನ ಮೇಲೆ ಆವಿ ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಕೆ ಮತ್ತೆ ಬದಿಗೆ ನಿಲ್ಲಿಸಿದರು. ಸೆಂಟರಿಗೆ ಫೋನ್ ಮಾಡಿ ತಡವಾಗುತ್ತದೆ ಎಂದರು. ಮಳೆ ಕಡಿಮೆಯಾಗುವವರೆಗೆ, ಹಿಂದಿನಿಂದ ಯಾರು ಎಷ್ಟು ಹಾರ್ನ್ ಹೊಡೆದರೂ, ಕದಲಲಿಲ್ಲ. ಇದನ್ನೆಲ್ಲ ಆಮೇಲೆ ನನಗೆ ಹೇಳಿದ್ದು ಮೀನಿನಮ್ಮ. ಪಾಳಿ ಹಾಗೆ ಎರಡು ಸಲ ತಪ್ಪಿದರೆ ಹಾಸಿಗೆ ಬೇರೆಯವರಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು.

ಅವತ್ತು ಮರಳುವಾಗ ಕಾರು ನನ್ನ ಅಂಗಡಿಯ ಎದುರು ನಿಂತಿತು. ಹಿಂದೆ ಮೂವರೂ ಬಾಡಿ ಕೂತಿದ್ದರು. ಆಕೆ ಇಳಿಯದೆ ಹಿಂದಕ್ಕೆ ತಿರುಗಿ, ಇಷ್ಟು ದಿನ ಬಚ್ಚಿಟ್ಟದ್ದನ್ನೆಲ್ಲ ಹೇಳಿದರು. ಕನ್ನಡಿ ಮುರಿದದ್ದು ಪಾರ್ಕಿಂಗಿನಲ್ಲಿ ಅಲ್ಲ, ಸೇತುವೆಯ ಮೇಲೆ ಎಂದು. ಆಗ ಅವರು ಮೂವರೂ ತೂಕಡಿಸುತ್ತಿದ್ದರು ಎಂದು. ಗಾಳಿ ತೆರೆದರೆ ತನಗೆ ಕಾಣುತ್ತದೆ, ಮುಚ್ಚಿದರೆ ಕಾಣುವುದಿಲ್ಲ ಎಂದು. ಮುಚ್ಚಲೇಬೇಕು ಅಂತಾದರೆ ಆಟಿಯಲ್ಲಿ ತಾನು ಕಾರು ತೆಗೆಯುವುದಿಲ್ಲ ಎಂದು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಸುಲಭಕ್ಕೆ ಬೇರೆ ಏನಾದರೂ ನೆಪ ಹೇಳಿ ನಿಲ್ಲಿಸಿಬಿಡಬಹುದಿತ್ತು, ಗಂಡ ಬೈಯುತ್ತಾರೆ ಎಂದರೂ ಸಾಕಿತ್ತು.

ಟೈಲರ್ ಇಯರ್‌ಫೋನ್ ತೆಗೆದ. ಎಲ್ಲರೂ ಮೇಷ್ಟ್ರನ್ನು ನೋಡದ ಹಾಗೆ ನೋಡುತ್ತಿದ್ದರು.

ಮೇಷ್ಟ್ರು ಸೀಟಿಗೆ ತಲೆ ಆನಿಸಿದ್ದಲ್ಲಿಂದಲೇ ಹೇಳಿದರು. "ನನಗೆ ವಾಂತಿ ಬಂದ್ರೆ ಪ್ಲಾಸ್ಟಿಕ್ ತೊಟ್ಟೆ ಉಂಟು. ನಿನಗೆ ಕಾಣದಿದ್ರೆ ಯಾವ ತೊಟ್ಟೆಯೂ ಇಲ್ಲ. ನೀನು ಗಾಳಿ ತೆರಿ."

"ನಿಮಗೆ ಕಷ್ಟ ಆಗ್ತದೆ."

"ಆಗ್ತದೆ. ಆಗ್ಲಿ. ಇಷ್ಟು ದಿವಸ ನನಗೆ ಬೇಕಾಗಿ ನೀನು ಕಣ್ಣು ಕಟ್ಟಿಕೊಂಡು ಓಡಿಸಿದ್ದಲ್ವಾ?"

ಆಕೆ ಮುಂದಕ್ಕೆ ತಿರುಗಿದರು. ಕನ್ನಡಿ ಸರಿ ಮಾಡುವ ನೆಪದಲ್ಲಿ ಕಣ್ಣು ಒರೆಸಿಕೊಂಡದ್ದು ಕಿಟಕಿಯ ಹೊರಗೆ ನಿಂತ ನನಗೆ ಕಂಡಿತು. ಮೀನಿನಮ್ಮ ಮೇಷ್ಟ್ರ ಮೊಣಕೈಗೆ ತಿವಿದು, "ಲಿಂಬೆಯ ಎಲೆ ತರ್ತೇನೆ. ತಿಕ್ಕಿ ಮೂಗಿಗೆ ಹಿಡ್ಕೊಳ್ಳಿ. ನಮ್ಮ ಮೀನಿಗೆ ಬಯ್ಬೇಡಿ," ಎಂದರು. ಆ ದಣಿವಿನಲ್ಲೂ ಕಾರಿನೊಳಗೆ ನಗು ಬಂತು.

ಆಟಿ ಬಂತು. ನಾನು ಇನ್ನೊಮ್ಮೆ ಅವರೊಟ್ಟಿಗೆ ಹೋದೆ, ಕರೆದದ್ದಕ್ಕಲ್ಲ, ನನಗೇ ನೋಡಬೇಕಿತ್ತು. ಮಳೆ ಎಂದರೆ ಆಕಾಶವೇ ಹರಿದ ಮಳೆ. ಕಾರಿನಲ್ಲಿ ಊದಿನ ಘಮ ಇರಲಿಲ್ಲ, ಲಿಂಬೆ ಎಲೆಯದ್ದು ಸ್ವಲ್ಪ, ಮೀನಿನದ್ದು ಸ್ವಲ್ಪ. ಮೇಷ್ಟ್ರು ತೊಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಎಲೆಯನ್ನು ಮೂಗಿಗೊತ್ತಿ ಕೂತಿದ್ದರು. ಎಸಿ, ಹೀಟರ್ ಎರಡೂ ಓಡುತ್ತಿದ್ದವು. ತೊಕ್ಕೊಟ್ಟು ದಾಟುವಾಗ ಹಿಂದೆ ಮೂವರಿಗೂ ಬೆಚ್ಚಗೆ ನಿದ್ದೆ ಹತ್ತಿತ್ತು. ಆಕೆ ಬೆನ್ನನ್ನು ಸೀಟಿಗೆ ಆನಿಸಿ ಓಡಿಸುತ್ತಿದ್ದರು.

ಸೇತುವೆಯ ನಡುವೆ ಬಲಬದಿಯಿಂದ ಒಂದು ಲಾರಿ ನುಗ್ಗಿ ಹೋಗುತ್ತಾ ಇಡೀ ಗಾಜಿಗೆ ನೀರು ಎರಚಿತು. ಒಂದು ಕ್ಷಣ ಏನೂ ಇಲ್ಲ. ವೈಪರ್ ಒಮ್ಮೆ ಹೋಗಿ ಬಂತು, ಗಾಜು ತೆರೆದುಕೊಂಡಿತು. ನಾನು ಗಾಜನ್ನು ನೋಡಿ ಒಳಗೊಳಗೇ ಬೀಗುತ್ತಿದ್ದೆ. ಆಕೆ ರಸ್ತೆ ನೋಡುತ್ತಿದ್ದರು. ಕಾಲು ಆಗಲೇ ಬ್ರೇಕಿಗೆ ಹೋಗಿತ್ತು. ಕಾರು ಮೆಲ್ಲನೆ, ಯಾರೂ ಮುಂದಕ್ಕೆ ಮುಗ್ಗರಿಸದ ಹಾಗೆ ನಿಧಾನವಾಯಿತು. ಯಾಕೆಂದು ನನಗೆ ಆಮೇಲೆ ಗೊತ್ತಾಯಿತು. ನಮ್ಮ ಸಾಲಿನಲ್ಲೇ, ಕಪ್ಪು ರೈನ್‌ಕೋಟು ಹಾಕಿದ ಒಬ್ಬ ಮನುಷ್ಯ ಕೆಟ್ಟುಹೋದ ಸ್ಕೂಟರನ್ನು ತಳ್ಳಿಕೊಂಡು ಹೋಗುತ್ತಿದ್ದ. ಲೈಟಿಲ್ಲ, ಏನಿಲ್ಲ. ಮಳೆಯೂ ಕಪ್ಪು, ರಸ್ತೆಯೂ ಕಪ್ಪು, ಅವನೂ ಕಪ್ಪು.

ಆಕೆ ಹಿಂದಿನವರಿಗೆ ಕಾಣಲೆಂದು ನಾಲ್ಕೂ ಇಂಡಿಕೇಟರ್ ಹಾಕಿದರು. ಅವನ ಹಿಂದೆ ಅವನ ನಡಿಗೆಯ ವೇಗದಲ್ಲೇ ಕಾರು ಬಿಟ್ಟರು. ಹಿಂದಿನಿಂದ ಹಾರ್ನ್ ಶುರುವಾಯಿತು, ಒಂದು, ಎರಡು, ಆಮೇಲೆ ಇಡೀ ಸಾಲು. ಆಕೆ ಕನ್ನಡಿ ಕೂಡ ನೋಡಲಿಲ್ಲ. ಸೇತುವೆ ಮುಗಿಯುವ ತನಕ ಆ ಮನುಷ್ಯನಿಗೆ ತನ್ನ ಹಿಂದೆ ಯಾರು ಬರುತ್ತಿದ್ದಾರೆಂದು ಗೊತ್ತೇ ಇರಲಿಲ್ಲ.

ಹಾರ್ನಿನ ಸದ್ದಿಗೆ ಮೇಷ್ಟ್ರು ಅರ್ಧ ಕಣ್ಣು ತೆರೆದರು. "ಎಂತ, ಬಂತಾ?"

"ಇಲ್ಲ ಮೇಷ್ಟ್ರೇ. ಮುಂದೆ ಒಬ್ಬರು ನಡೆದು ಹೋಗ್ತಾ ಇದ್ದಾರೆ. ನೀವು ಮಲಗಿ."

ಮೇಷ್ಟ್ರು ಮತ್ತೆ ಕಣ್ಣು ಮುಚ್ಚಿದರು.